ಐನೂರು ರೂಪಾಯಿಯ ಷೇರು, ಹದಿನೈದು ರೂಪಾಯಿಯ ಶುಲ್ಕ

ಷೇರುಪೇಟೆ ತೆರೆಯುವುದು ಬೆಳಿಗ್ಗೆ 9.15ಕ್ಕೆ. ಆ ಹೊತ್ತಿಗೆ ಮುಂಬ್ರಾದಿಂದ ಠಾಣೆ ಕಡೆಗೆ ಹೋಗುವ ಸ್ಲೋ ಲೋಕಲ್‌ನಲ್ಲಿ ಕೈ ಎತ್ತಲೂ ಜಾಗವಿರುವುದಿಲ್ಲ. ಆದರೂ ಅಲ್ಲಲ್ಲಿ ಮೊಬೈಲ್‌ಗಳಲ್ಲಿ ಕೆಂಪು, ಹಸಿರು ಗೆರೆಗಳು ಓಡುತ್ತಿರುತ್ತವೆ. ನೋಡುವವರು ಹಣವಂತರೇನಲ್ಲ. ಬಾಡಿಗೆ, ರೈಲು ಪಾಸು, ಊರಿಗೆ ಕಳಿಸುವ ದುಡ್ಡು ಎಲ್ಲ ಕಳೆದು ತಿಂಗಳಿಗೆ ಒಂದೆರಡು ಸಾವಿರ ಉಳಿಸುವವರು. ಅವರಲ್ಲಿ ಅನೇಕರು ನೋಡುತ್ತಿರುವುದು ಷೇರನ್ನೂ ಅಲ್ಲ, ಆಪ್ಷನ್‌ಗಳನ್ನು.

ಕಾರಣ ಊಹಿಸುವುದು ಕಷ್ಟವಲ್ಲ. ಎರಡು ಸಾವಿರಕ್ಕೆ ಒಳ್ಳೆಯ ಕಂಪನಿಯ ಒಂದೆರಡು ಷೇರು ಬಂದಾವು. ಅದೇ ದುಡ್ಡಿಗೆ ಆಪ್ಷನ್ ಕೊಂಡರೆ ಲಕ್ಷಗಟ್ಟಲೆ ಮೌಲ್ಯದ ಒಪ್ಪಂದ ಕೈಯಲ್ಲಿದ್ದಂತೆ ಕಾಣುತ್ತದೆ. ಆದರೆ ಷೇರಿಗೆ ಗಡುವಿಲ್ಲ, ಆಪ್ಷನ್‌ಗೆ ಇದೆ. ಗಡುವಿನ ದಿನ ಲೆಕ್ಕ ತಪ್ಪಿದರೆ ಕೊಟ್ಟ ದುಡ್ಡು ಪೂರ್ತಿ ಹೋಯಿತು. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. 2023–24ರಲ್ಲಿ ಹೀಗೆ ಇಳಿದವರ ಪೈಕಿ ಶೇ 75ಕ್ಕೂ ಹೆಚ್ಚು ಜನ ತಮ್ಮ ವಾರ್ಷಿಕ ಆದಾಯ 5 ಲಕ್ಷಕ್ಕಿಂತ ಕಡಿಮೆ ಎಂದು ಘೋಷಿಸಿದ್ದವರು. ಅಂದರೆ ಹೋದದ್ದು ಸಣ್ಣ ಸಂಬಳದ ದುಡ್ಡು.

ಷೇರನ್ನೇ ಕೊಳ್ಳುವವರೂ ಸಣ್ಣ ಹಣದ ಲೆಕ್ಕವನ್ನು ಬೇರೆಯಾಗಿಯೇ ಹಾಕಬೇಕು. 500 ರೂಪಾಯಿಗೆ ಒಂದು ಷೇರು ಕೊಂಡು 520ಕ್ಕೆ ಮಾರಿದಿರಿ ಎನ್ನಿ. ಶೇ 4 ಲಾಭ, ಖುಷಿ. ಆದರೆ ಡಿಮ್ಯಾಟ್ ಖಾತೆಯಿಂದ ಷೇರು ಹೊರಹೋಗುವಾಗ ಡಿಪಿ ಶುಲ್ಕ ಬೀಳುತ್ತದೆ. ಬ್ರೋಕರ್‌ನಿಂದ ಬ್ರೋಕರ್‌ಗೆ ವ್ಯತ್ಯಾಸವಿದ್ದರೂ 15 ರೂಪಾಯಿಯ ಆಸುಪಾಸು ಇಟ್ಟುಕೊಳ್ಳಿ. ಒಂದು ಷೇರು ಮಾರಿದರೂ ಅಷ್ಟೇ, ಸಾವಿರ ಮಾರಿದರೂ ಅಷ್ಟೇ. ಕೊಳ್ಳುವಾಗ ಶೇ 0.1, ಮಾರುವಾಗ ಶೇ 0.1 ಎಸ್‌ಟಿಟಿ ಬೇರೆ. ಉಳಿದದ್ದರಲ್ಲಿ ಒಂದು ವಡಾಪಾವ್ ಕೂಡ ಬರುವುದಿಲ್ಲ. ಮಾರದೆ ಇಟ್ಟುಕೊಂಡರೆ ಮಾತ್ರ ಈ ಶುಲ್ಕವಿಲ್ಲ. 2024ರ ಸೆಪ್ಟೆಂಬರ್‌ನಿಂದ, 4 ಲಕ್ಷದೊಳಗಿನ ಹೂಡಿಕೆಯ ಬೇಸಿಕ್ ಡಿಮ್ಯಾಟ್ ಖಾತೆಗೆ ವಾರ್ಷಿಕ ನಿರ್ವಹಣಾ ಶುಲ್ಕವೂ ಇಲ್ಲ. ನಿಮ್ಮ ಖಾತೆ ಆ ಬಗೆಯದೇ ಎಂದು ಒಮ್ಮೆ ಕೇಳಿ ನೋಡಿ.

ಸಣ್ಣ ದುಡ್ಡನ್ನು ಸುಮ್ಮನೆ ಕೂಡಿಡುವುದು ನಮಗೆ ಹೊಸತಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಪಡೆಯುತ್ತಿದ್ದರು. ಪಿಗ್ಮಿಯವನು ಬಂದದ್ದು ದುಡ್ಡು ಒಯ್ಯಲು. ದಿನಕ್ಕೆ ಹತ್ತು ಸಲ ಬೆಲೆ ತೋರಿಸಿ ‘ಈಗ ಮಾರ್ತೀರಾ?’ ಎಂದು ಅವನು ಕೇಳುತ್ತಿರಲಿಲ್ಲ.

ಆ ಬ್ಯಾಂಕಿನ ಮುಂದಿನ ಕಥೆಯೂ ಷೇರು ಕೊಳ್ಳುವವರು ತಿಳಿದಿರಬೇಕಾದದ್ದೇ. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕ್‌ನಲ್ಲಿ ವಿಲೀನವಾದಾಗ 1,000 ಷೇರಿಗೆ ಸಿಕ್ಕಿದ್ದು ಕೆನರಾದ 158 ಷೇರು. ಹಿಂದಿನ ವರ್ಷ ವಿಜಯಾ ಬ್ಯಾಂಕಿನ 1,000ಕ್ಕೆ ಬ್ಯಾಂಕ್ ಆಫ್ ಬರೋಡಾದ 402. ಸಂಖ್ಯೆ ಇಳಿದ ಮಾತ್ರಕ್ಕೆ ನಷ್ಟವಲ್ಲ, ಒಂದೊಂದರ ಬೆಲೆ ಬೇರೆ. ಆದರೆ ‘ನಮ್ಮೂರ ಬ್ಯಾಂಕು’ ಎಂಬ ಅಕ್ಕರೆಯೊಂದನ್ನೇ ನೆಚ್ಚಿ ಉಳಿತಾಯವೆಲ್ಲ ಒಂದೇ ಕಡೆ ಇಟ್ಟವರಿಗೆ ಆ ಊರಿನ ಹೆಸರೂ ಉಳಿಯಲಿಲ್ಲ. ಅದಕ್ಕಾಗಿಯೇ ಹೊಸಬರಿಗೆ ನಾನು ಹೇಳುವುದು ನಿಫ್ಟಿ 50ರ ಇಟಿಎಫ್: ಕೆಲವು ನೂರು ರೂಪಾಯಿಯ ಒಂದು ಯೂನಿಟ್‌ನಲ್ಲಿ ಐವತ್ತು ಕಂಪನಿಗಳ ಪಾಲು. ಪೇಟೆ ಬಿದ್ದರೆ ಇದೂ ಬೀಳುತ್ತದೆ, ಆ ಮಾತು ಬೇರೆ. ಮುಂಬ್ರಾದಲ್ಲಿ ಬಡ್ಡಿಯೇ ಬೇಡವೆನ್ನುವ ಮನೆಗಳಿವೆ. ಅಂಥವರಿಗೆ ಬ್ಯಾಂಕು, ಮದ್ಯದ ಕಂಪನಿಗಳನ್ನು ಬಿಟ್ಟ ನಿಫ್ಟಿ 50 ಶರಿಯಾ ಸೂಚ್ಯಂಕವೂ ಇದೆ.

ಇದಕ್ಕೂ ಮೊದಲು ಮೂರು–ನಾಲ್ಕು ತಿಂಗಳ ಖರ್ಚು ಬ್ಯಾಂಕಿನಲ್ಲೋ ಮನೆಯಲ್ಲೋ ಇರಲಿ. ಊರಿಂದ ರಾತ್ರಿ ಫೋನ್ ಬಂದರೆ ಬೆಳಿಗ್ಗೆ ಹೊರಡಬೇಕಾದವರು ನಾವು. ಆ ದಿನ ಪೇಟೆ ಬಿದ್ದಿದ್ದರೆ ಬಿದ್ದ ಬೆಲೆಗೇ ಮಾರಬೇಕಾಗುತ್ತದೆ, ಮಾರಿದ ಹಣ ಅಂದೇ ಕೈಗೂ ಬರುವುದಿಲ್ಲ.

ಕಲಿಯಲು ದುಡ್ಡು ಕೊಡಬೇಕಿಲ್ಲ. ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆಯ ಕಚೇರಿ ಇಲ್ಲೇ ನವಿ ಮುಂಬೈನ ವಾಶಿಯಲ್ಲಿದೆ. ಅದು ಆನ್‌ಲೈನ್‌ನಲ್ಲಿ ನಡೆಸುವ ಸೆಬಿ ಹೂಡಿಕೆದಾರ ಪ್ರಮಾಣಪತ್ರ ಪರೀಕ್ಷೆಗೆ ಶುಲ್ಕವಿಲ್ಲ, ಓದುವ ಸಾಮಗ್ರಿಯೂ ಉಚಿತ. ರೈಲಿನಲ್ಲಿ ಸೀಟು ಸಿಕ್ಕ ದಿನ ಮೊಬೈಲ್‌ನಲ್ಲೇ ನಾಲ್ಕು ಪುಟ ಓದಬಹುದು.