ಪ್ಲಾಟಿನಂ ಒಡವೆಯ ಗುಣದೋಷ

ಬೆಳ್ಳಿಯ ಉಂಗುರವೊಂದನ್ನೂ ಪ್ಲಾಟಿನಮ್ಮಿನ ಉಂಗುರವೊಂದನ್ನೂ ಒಡವೆಯಂಗಡಿಯ ಮಖಮಲ್ಲಿನ ಮೇಲೆ ಒತ್ತಟ್ಟಿಗೆ ಇಟ್ಟರೆ, ಕೇವಲ ಕಣ್ಣನ್ನು ನೆಚ್ಚಿದವನಿಗೆ ಅವುಗಳ ಭೇದ ಸುಲಭವಾಗಿ ತಿಳಿಯಲಾರದು; ಅಂಗೈಯಲ್ಲಿ ತೂಗಿ ನೋಡಿದವನಿಗಾದರೋ ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಒಂದು ಘನ ಸೆಂಟಿಮೀಟರ್ ಬೆಳ್ಳಿಯ ತೂಕ 10.5 ಗ್ರಾಂ, ಅಷ್ಟೇ ಗಾತ್ರದ ಚಿನ್ನ 19.3 ಗ್ರಾಂ, ಪ್ಲಾಟಿನಂ 21.4 ಗ್ರಾಂ. ಕೊಳ್ಳುವವನನ್ನು ಮೊದಲು ಮೋಹಗೊಳಿಸುವುದು ಈ ಗುರುತ್ವವೇ; ಅನಂತರ ಬಿಲ್ಲಿನಲ್ಲಿ ಹೆಚ್ಚು ಗ್ರಾಂಗಳಾಗಿ ಕಾಣಿಸಿಕೊಳ್ಳುವುದೂ ಅದೇ. ಈ ಲೋಹದ ವಿಷಯದಲ್ಲಿ ವಿಚಿತ್ರವೆಂದರೆ, ಯಾವ ಗುಣಕ್ಕಾಗಿ ನಾವು ಅದನ್ನು ಶ್ಲಾಘಿಸುತ್ತೇವೆಯೋ ಆ ಗುಣವೇ ಮತ್ತೊಂದು ಸಂದರ್ಭದಲ್ಲಿ ದೋಷವಾಗಿ ಪರಿಣಮಿಸುತ್ತದೆ.

ಅಗ್ನಿಗೆ ಅದು ತೋರುವ ಪ್ರತಿರೋಧವನ್ನೇ ನೋಡಬಹುದು. ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಪ್ಲಾಟಿನಂ ಕರಗಬೇಕಾದರೆ 1768 ಡಿಗ್ರಿಯ ಉಷ್ಣ ಬೇಕು. ದಕ್ಷಿಣ ಅಮೆರಿಕದ ಈಕ್ವೆಡಾರ್ ಮತ್ತು ಕೊಲಂಬಿಯಾಗಳ ಕರಾವಳಿಯಲ್ಲಿದ್ದ ಪ್ರಾಚೀನ ಕುಶಲಕರ್ಮಿಗಳು ಅದನ್ನು ಕರಗಿಸಲಾರದೆ, ಅದರ ಕಣಗಳನ್ನು ಚಿನ್ನದ ಪುಡಿಯೊಡನೆ ಬೆರೆಸಿ, ಕಾಯಿಸಿ, ಬಡಿದು, ಮತ್ತೆ ಕಾಯಿಸಿ ಒಡವೆ ಮಾಡುತ್ತಿದ್ದರೆಂಬುದು ಯೋಚಿಸಿದಷ್ಟೂ ಆಶ್ಚರ್ಯವನ್ನುಂಟುಮಾಡುವ ಸಂಗತಿ. ಆಮೇಲೆ ಅಲ್ಲಿಗೆ ಬಂದ ಸ್ಪೇನಿನವರಿಗೆ ಅದು ಚಿನ್ನದೊಡನೆ ಸೇರಿಕೊಂಡು ಕಾಟ ಕೊಡುವ ಬಿಳಿಯ ಮರಳಾಗಿ ಮಾತ್ರ ಕಂಡಿತು. ಸ್ಪೇನಿನ ನೌಕಾಧಿಕಾರಿ ಅಂಟೋನಿಯೊ ದ ಉಲ್ಲೋವಾ 1748ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಿಂದ ಯೂರೋಪಿನ ವಿದ್ವಾಂಸರಿಗೆ ಇದರ ಪರಿಚಯವಾಯಿತಾದರೂ, ಲಂಡನ್ನಿನಲ್ಲಿ ರಸಾಯನಜ್ಞ ವಿಲಿಯಂ ವೊಲಾಸ್ಟನ್ ಅದನ್ನು ಪುಡಿಯಾಗಿ ಶುದ್ಧೀಕರಿಸಿ, ಒತ್ತಿ, ಬಡಿದು ಬಗ್ಗಿಸಬಲ್ಲ ಲೋಹವನ್ನಾಗಿ ಮಾಡಿದ್ದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ; ಆಮ್ಲಜನಕ ಜಲಜನಕಗಳ ಜ್ವಾಲೆಯಿಂದ ಅದನ್ನು ರಾಶಿಯಾಗಿ ಕರಗಿಸುವ ಕುಲುಮೆಯನ್ನು ಫ್ರಾನ್ಸಿನ ದೆವಿಲ್ ಮತ್ತು ದೆಬ್ರೇ ನಿರ್ಮಿಸಿದ್ದು ಅದೇ ಶತಮಾನದ ನಡುವಿನಲ್ಲಿ.

ಆಭರಣಲೋಕದಲ್ಲಿ ಇದಕ್ಕೆ ಗೌರವದ ಸ್ಥಾನ ದೊರೆತದ್ದು ವಜ್ರದ ನಿಮಿತ್ತವಾಗಿ. ಅದುವರೆಗೆ ವಜ್ರವನ್ನು ಬೆಳ್ಳಿಯಲ್ಲಿ ಕೂರಿಸಿದರೆ ಬೆಳ್ಳಿ ಕಪ್ಪಿಡುತ್ತಿತ್ತು; ಚಿನ್ನದಲ್ಲಿ ಕೂರಿಸಿದರೆ ಕಲ್ಲಿನೊಳಗೆ ಹಳದಿಯ ಛಾಯೆ ಇಣುಕುತ್ತಿತ್ತು. ಪ್ಲಾಟಿನಮ್ಮಿಗೆ ಈ ಎರಡು ದೋಷಗಳೂ ಇಲ್ಲವಾದ್ದರಿಂದಲೂ, ದಾರದಷ್ಟು ತೆಳ್ಳಗೆ ಎಳೆದರೂ ಕಲ್ಲಿನ ಭಾರವನ್ನು ಹೊರುವ ಶಕ್ತಿ ಅದಕ್ಕಿರುವುದರಿಂದಲೂ, 1900ರ ಆಸುಪಾಸಿನಲ್ಲಿ ಪ್ಯಾರಿಸ್ಸಿನ ಕಾರ್ಟಿಯೇ ಮೊದಲಾದ ಆಭರಣಸಂಸ್ಥೆಗಳು ಲೋಹವೇ ಕಾಣದಂತೆ ವಜ್ರಗಳನ್ನು ಹೆಣೆಯಲಾರಂಭಿಸಿದವು. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರಿಗಾಗಿ ಅದೇ ಕಾರ್ಟಿಯೇ 1928ರಲ್ಲಿ ಮಾಡಿ ಮುಗಿಸಿದ ಹಾರದಲ್ಲಿ 2,930 ವಜ್ರಗಳನ್ನು ಹಿಡಿದಿದ್ದುದು ಪ್ಲಾಟಿನಂ. ಗೋಲ್ಕೊಂಡ ಸೀಮೆಯ ಗಣಿಯದೆಂದು ಪ್ರತೀತಿಯಿರುವ ಕೊಹಿನೂರ್ 1937ರಿಂದ ಕುಳಿತಿರುವ ಬ್ರಿಟನ್ನಿನ ರಾಣಿಯ ಕಿರೀಟದ ಚೌಕಟ್ಟೂ ಪ್ಲಾಟಿನಮ್ಮೇ.

ಇನ್ನು ಅದರ ನಿರ್ವಿಕಾರತೆ. ಬೆವರು, ಸಾಬೂನು, ಸಮುದ್ರದ ಗಾಳಿ ಯಾವುದೂ ಅದರ ಬಣ್ಣವನ್ನು ಕೆಡಿಸದು. ಆಮ್ಲಗಳಲ್ಲಿಯೂ ನೈಟ್ರಿಕ್ ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣವಾದ ಆಮ್ಲರಾಜವೊಂದೇ ಅದನ್ನು ಕರಗಿಸುವುದು. ಜಗತ್ತಿಗೆಲ್ಲ ಕಿಲೋಗ್ರಾಮಿನ ಪ್ರಮಾಣವಾಗಿ 1889ರಿಂದ 2019ರವರೆಗೆ ಪ್ಯಾರಿಸ್ಸಿನ ಬಳಿ ಕಾಪಾಡಿದ ಉರುಳೆಯನ್ನು ನೂರಕ್ಕೆ ತೊಂಬತ್ತು ಭಾಗ ಪ್ಲಾಟಿನಂ, ಹತ್ತು ಭಾಗ ಇರಿಡಿಯಂ ಬೆರೆಸಿ ಎರಕಹೊಯ್ದದ್ದು ಈ ಕಾರಣಕ್ಕಾಗಿಯೇ. ಒಡವೆಯ ಪ್ಲಾಟಿನಂ ಸಾಮಾನ್ಯವಾಗಿ ಸಾವಿರಕ್ಕೆ 950 ಭಾಗ ಶುದ್ಧ. ನಮ್ಮ ಇಪ್ಪತ್ತೆರಡು ಕ್ಯಾರಟ್ಟಿನ ಚಿನ್ನ 916, ಹದಿನೆಂಟರದು 750. ವೈಟ್ ಗೋಲ್ಡ್ ಎಂದು ಅಂಗಡಿಗಳಲ್ಲಿ ಮಾರುವ ಬಿಳಿಯ ಚಿನ್ನದಲ್ಲಿ ಹಲವೊಮ್ಮೆ ನಿಕಲ್ ಬೆರೆತಿರುವುದರಿಂದ ಕೆಲವರ ಚರ್ಮ ಕೆರೆದು ಕೆಂಪಾಗುವುದುಂಟು; ಅದರ ಬಿಳುಪಾದರೂ ಬಹುಮಟ್ಟಿಗೆ ಮೇಲೆ ಲೇಪಿಸಿದ ರೋಡಿಯಮ್ಮಿನದು, ಅದು ಸವೆದಂತೆ ಒಳಗಿನ ಹಳದಿ ತಲೆಹಾಕುತ್ತದೆ. ಪ್ಲಾಟಿನಂ ಸಹಜವಾಗಿಯೇ ಶ್ವೇತವಾದ್ದರಿಂದ ಈ ಮರುಲೇಪನದ ಪ್ರಸಂಗ ಅದಕ್ಕೆ ಬರುವುದಿಲ್ಲ.

ಇಷ್ಟನ್ನು ಕೇಳಿದವರು ಪ್ಲಾಟಿನಮ್ಮಿಗೆ ಗೀರು ಬೀಳದೆಂದು ಭಾವಿಸುತ್ತಾರೆ. ಮಾರುವವರಲ್ಲಿ ಕೆಲವರು ಹಾಗೆ ಹೇಳುವುದೂ ಉಂಟು. ಇದು ನಿಜವಲ್ಲ. ಅದು ಜಿಗುಟಾದ ಲೋಹವೇ ಹೊರತು ಕಠಿಣವಾದ ಲೋಹವಲ್ಲ. ಹದಿನೆಂಟು ಕ್ಯಾರಟ್ಟಿನ ಬಿಳಿಯ ಚಿನ್ನ ಸಾಮಾನ್ಯವಾಗಿ ಅದಕ್ಕಿಂತ ಗಟ್ಟಿ. ಹೊಸ ಉಂಗುರವನ್ನು ಕೆಲವು ತಿಂಗಳು ತೊಟ್ಟು ಭೂತಗನ್ನಡಿಯಲ್ಲಿ ನೋಡಿದರೆ, ಅದರ ಮೈಮೇಲೆ ಅಸಂಖ್ಯಾತವಾದ ಸೂಕ್ಷ್ಮ ಗೀರುಗಳು ಕಾಣುತ್ತವೆ. ಆದರೆ ಚಿನ್ನದ ಗೀರಿಗೂ ಇದಕ್ಕೂ ಒಂದು ಅಂತರವಿದೆ. ಚಿನ್ನದಲ್ಲಿ ಉಜ್ಜಿಹೋದ ಕಣ ಕಳಚಿ ಹೋಗುತ್ತದೆ. ಪ್ಲಾಟಿನಮ್ಮಿನಲ್ಲಾದರೋ, ನೇಗಿಲು ಹಾಯ್ದಲ್ಲಿ ಮಣ್ಣು ಸಾಲಿನ ಇಕ್ಕೆಲಕ್ಕೂ ಏರಿ ನಿಲ್ಲುವಂತೆ, ಲೋಹ ಸರಿದು ಪಕ್ಕದಲ್ಲಿ ನಿಲ್ಲುತ್ತದೆಯೇ ವಿನಾ ಬಹುಪಾಲು ನಷ್ಟವಾಗುವುದಿಲ್ಲ. ವಜ್ರವನ್ನು ಹಿಡಿದ ಕಡ್ಡಿಯಷ್ಟು ಸಣ್ಣ ಕಾಲುಗಳು ಬಟ್ಟೆಗೆ ಸಿಕ್ಕಿ ಬಾಗಬಹುದು, ಆದರೆ ತಟ್ಟನೆ ಮುರಿಯುವುದು ಅಪೂರ್ವ. ಬೆಲೆಬಾಳುವ ಕಲ್ಲಿನ ಒಡೆಯರಿಗೆ ಇದಕ್ಕಿಂತ ದೊಡ್ಡ ಅಭಯವಿಲ್ಲ. ಗೀರುಗಳು ಕೂಡಿಕೊಂಡು ಬರುವ ಮಬ್ಬುಹೊಳಪನ್ನು ಪಾಶ್ಚಾತ್ಯರು ಒಂದು ಸೊಬಗೆಂದೇ ಎಣಿಸುತ್ತಾರೆ. ನನ್ನ ಕಣ್ಣಿಗೂ ಅದು ಹಿತವೇ. ಆದರೆ ಮಿರುಗದ ಒಡವೆ ಒಡವೆಯೇ ಅಲ್ಲವೆನ್ನುವ ನಮ್ಮ ಹಿರಿಯರೊಡನೆ ಈ ವಿಷಯದಲ್ಲಿ ವಾದಿಸುವ ಧೈರ್ಯ ನನಗಿಲ್ಲ.

ನಿಜವಾದ ತೊಡಕು ತಲೆದೋರುವುದು ಅಕ್ಕಸಾಲಿಗನ ಮುಂದೆ. ಚಿನ್ನಕ್ಕೆ ಬೆಸುಗೆಯಿಡುವ ಅವನ ಸಾಮಾನ್ಯ ಜ್ವಾಲೆ ಇದಕ್ಕೆ ಸಾಲದು. ಆಮ್ಲಜನಕ ಸೇರಿದ ಉಗ್ರ ಜ್ವಾಲೆ ಬೇಕು, ಕಾದ ಲೋಹ ಕಣ್ಣು ಕುಕ್ಕುವಷ್ಟು ಬೆಳಗುವುದರಿಂದ ಕಪ್ಪು ಕನ್ನಡಕ ಬೇಕು. ಇಂಗಾಲ ತಾಕಿದರೆ ಲೋಹ ಕೆಡುವುದರಿಂದ ಗ್ರಾಫೈಟಿನ ಮೂಸೆ ಸಲ್ಲದು. ಅರದ ಹಲ್ಲಿನಲ್ಲಿ ಉಳಿದ ಚಿನ್ನದ ಪುಡಿಯೋ ಸೀಸದ ಕಣವೋ ಬೆರೆತರೆ ಕಾಯಿಸಿದಾಗ ಆ ಭಾಗ ಹಾಳಾಗುವುದರಿಂದ ಪ್ರತ್ಯೇಕ ಉಪಕರಣಗಳನ್ನೇ ಇಟ್ಟುಕೊಳ್ಳಬೇಕು. ಮೇಲಾಗಿ ಮೆರುಗು ಕೊಡುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಈ ಶ್ರಮವೆಲ್ಲ ಮಜೂರಿಯಾಗಿ ಕೊಳ್ಳುವವನ ತಲೆಯ ಮೇಲೆ ಬರುತ್ತದೆ. ಅದರ ಜೊತೆಗೆ ತೂಕ: ಹದಿನೆಂಟು ಕ್ಯಾರಟ್ಟಿನಲ್ಲಿ 6 ಗ್ರಾಂ ತೂಗುವ ಉಂಗುರವನ್ನು ಅದೇ ಅಳತೆಗೆ ಪ್ಲಾಟಿನಮ್ಮಿನಲ್ಲಿ ಮಾಡಿಸಿದರೆ ಸುಮಾರು 8 ಗ್ರಾಂ ಆಗುತ್ತದೆ. ಉಂಗುರಕ್ಕೆ ಇದು ಸಹ್ಯ. ಜುಮುಕಿಗೆ ಕಿವಿ ಒಪ್ಪದು.

ಇದಕ್ಕೂ ಮಿಗಿಲಾದ ಮಾತೊಂದಿದೆ. ನಮ್ಮ ಮನೆಗಳಲ್ಲಿ ಚಿನ್ನ ಅರ್ಧ ಅಲಂಕಾರ, ಅರ್ಧ ಆಪದ್ಧನ. ಮಗಳ ಮದುವೆಗೋ ಬಿತ್ತನೆಯ ಖರ್ಚಿಗೋ ಅದನ್ನು ಅಡವಿಟ್ಟು ಹಣ ತರುವುದು ಯಾವ ಊರಿನಲ್ಲಿಯೂ ಕಷ್ಟವಲ್ಲ. ಪ್ಲಾಟಿನಮ್ಮಿಗೆ ಆ ಸೌಲಭ್ಯವಿಲ್ಲ. ಬೀದಿಯ ಅಕ್ಕಸಾಲಿಗ ಒರೆಗಲ್ಲಿಗೆ ಉಜ್ಜಿ ಅದರ ಬೆಲೆ ಹೇಳುವ ರೂಢಿಯಿಲ್ಲ. 2021ರಲ್ಲಿ ಚಿನ್ನದೊಡವೆಗೆ ಕಡ್ಡಾಯವಾದ ಹಾಲ್‌ಮಾರ್ಕ್ ಇದಕ್ಕೆ ಅನ್ವಯಿಸಲಿಲ್ಲ. ಬೆಲೆಯೂ ಅಲಂಕಾರಪ್ರಿಯರ ಇಚ್ಛೆಗಿಂತ ವಾಹನಗಳ ಹೊಗೆಯನ್ನು ಶುದ್ಧಿಗೊಳಿಸುವ ಯಂತ್ರಭಾಗಗಳ ಬೇಡಿಕೆಯನ್ನೂ, ಜಗತ್ತಿನ ಪ್ಲಾಟಿನಮ್ಮಿನಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚನ್ನು ಒದಗಿಸುವ ದಕ್ಷಿಣ ಆಫ್ರಿಕದ ಗಣಿಗಳ ಸ್ಥಿತಿಗತಿಯನ್ನೂ ಅನುಸರಿಸಿ ಏರಿಳಿಯುತ್ತದೆ. 2008ರ ಆದಿಯಲ್ಲಿ ಚಿನ್ನದ ಇಮ್ಮಡಿಗಿಂತ ಹೆಚ್ಚು ಬೆಲೆಯಿದ್ದ ಈ ಲೋಹ 2015ರಿಂದೀಚೆಗೆ ಚಿನ್ನಕ್ಕಿಂತ ಕೆಳಗಿಳಿಯಿತು. ನಮ್ಮಲ್ಲಿಯೇ ಚನ್ನಗಿರಿ ತಾಲ್ಲೂಕಿನ ಹನುಮಲಾಪುರದ ಶಿಲೆಗಳಲ್ಲಿ ಅದರ ಅಂಶವನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರಾದರೂ, ಅದರಿಂದ ಅಂಗಡಿಯ ಬೆಲೆಯೇನೂ ಬದಲಾಗಿಲ್ಲ.

ಆದಕಾರಣ ಕೂಡಿಡುವುದಕ್ಕೆಂದು ಕೊಳ್ಳುವವರು ಚಿನ್ನದಲ್ಲಿಯೇ ಉಳಿಯುವುದು ಕ್ಷೇಮ; ನಿತ್ಯವೂ ಬೆರಳಿನಲ್ಲಿರುವ ಉಂಗುರಕ್ಕಾಗಿ, ಅದರಲ್ಲಿಯೂ ವಜ್ರ ಕೂರಿಸುವುದಕ್ಕಾಗಿ ಕೊಳ್ಳುವವರಿಗೆ ಮಾತ್ರ ಪ್ಲಾಟಿನಂ ಯೋಗ್ಯವೆಂಬುದು ನನ್ನ ಅಭಿಪ್ರಾಯ. ಅಂಥವರು ಒಳಬದಿಯಲ್ಲಿ ಕೊರೆದ ಪಿಟಿ 950 ಎಂಬ ಗುರುತನ್ನು ನೋಡಿಕೊಂಡು, ಹಿಂದಕ್ಕೆ ಕೊಟ್ಟಾಗ ಯಾವ ದರ ಕಟ್ಟುವರೆಂಬುದನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳಬೇಕು. ಬೆರಳು ವಯಸ್ಸಿನೊಡನೆ ದಪ್ಪವಾಗುವುದು ಸಹಜವಾದ್ದರಿಂದ, ಉಂಗುರವನ್ನು ಹಿಗ್ಗಿಸಿಕೊಡುವ ಕೆಲಸ ಅದೇ ಅಂಗಡಿಯಲ್ಲಿ ನಡೆಯುವುದೋ ಮುಂಬಯಿಗೆ ಕಳುಹಿಸಬೇಕಾಗುವುದೋ, ಅದಕ್ಕೆ ಕೂಲಿಯೆಷ್ಟು ಎಂಬುದನ್ನೂ ಹಣ ಕೊಡುವ ಮುನ್ನವೇ ಕೇಳಿ ತಿಳಿಯತಕ್ಕದ್ದು.