ಬ್ಯಾಗು ಕಾಯುವವರನ್ನು ನೆನೆದು ಬ್ಯಾಗು ಕಟ್ಟಿ

ಭತ್ತದ ಒಕ್ಕಲು ಮುಗಿದು, ಮೆಕ್ಕೆಜೋಳ ಮಾರಾಟವಾಗಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಆನವಟ್ಟಿ ಸುತ್ತಿನ ಊರುಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಡಿಸೆಂಬರಿನಲ್ಲಿ ಶಾಲೆ ಮಕ್ಕಳದು, ಏಪ್ರಿಲ್–ಮೇ ರಜೆಯಲ್ಲಿ ಮನೆಮಂದಿಯದು. ಮೊದಲೆಲ್ಲ ಧರ್ಮಸ್ಥಳ, ಶೃಂಗೇರಿ, ಜೋಗ ಎಂದು ಮುಗಿಯುತ್ತಿದ್ದ ಪಟ್ಟಿಗೆ ಈಗ ಬಿಡದಿ ಬಳಿಯ ವಂಡರ್‌ಲಾ, ಮೈಸೂರಿನ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಸೇರಿಕೊಂಡಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರ ಬಸ್ ಚಾರ್ಜಿನ ಲೆಕ್ಕವೂ ತಪ್ಪಿತು. ಕೆಂಪು ಬಸ್ಸಿನಲ್ಲಿ ಶಿರಾಳಕೊಪ್ಪ, ಶಿಕಾರಿಪುರ, ಶಿವಮೊಗ್ಗ ದಾಟಿ ಬೆಂಗಳೂರು ಮುಟ್ಟಬಹುದು ಎಂದಾದಾಗ ಅಮ್ಮನ ಜೊತೆ ಅಜ್ಜಿಯೂ ಹೊರಡುತ್ತಾರೆ.

ಆದರೆ ಬ್ಯಾಗು ತುಂಬುವಾಗ ಎಲ್ಲರಿಗೂ ಆಟ ಆಡುವವರದೇ ಚಿಂತೆ. ಬೆಳಗ್ಗೆ ಪಾರ್ಕಿನೊಳಗೆ ಹೋದ ಕುಟುಂಬ ಸಂಜೆಯವರೆಗೆ ಏನು ಮಾಡುತ್ತದೆ ಎಂದು ಸ್ವಲ್ಪ ಗಮನಿಸಿ ನೋಡಿ. ಐದಾರು ಮಂದಿ ಸಾಲಿನಲ್ಲಿ ನಿಂತಿರುತ್ತಾರೆ, ಇಲ್ಲವೇ ನೀರಿನಲ್ಲಿರುತ್ತಾರೆ. ಒಬ್ಬರು ಮಾತ್ರ ಮರದ ಕೆಳಗೆ ಎಲ್ಲರ ಚಪ್ಪಲಿ, ಕನ್ನಡಕ, ಒದ್ದೆ ಬಟ್ಟೆ ಪಕ್ಕದಲ್ಲಿಟ್ಟುಕೊಂಡು ಕೂತಿರುತ್ತಾರೆ. ಬಹುತೇಕ ಅದು ಅಜ್ಜಿ, ಇಲ್ಲದಿದ್ದರೆ ಅಮ್ಮ, ಒಮ್ಮೊಮ್ಮೆ ಆ ದಿನವೇ ಮುಟ್ಟಾದ ಹುಡುಗಿ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರು ಹಗಲಿಡೀ ಬೆಂಚಿನ ಮೇಲೂ ಕೂರಬೇಕೆನ್ನುವುದು ನನ್ನ ಮನಸ್ಸು ಒಪ್ಪುವ ಮಾತಲ್ಲ. ಇವರನ್ನು ಮೊದಲು ನೆನೆದು ಬ್ಯಾಗು ಕಟ್ಟಿದರೆ ಅದರೊಳಗೆ ಹೋಗುವ ಸಾಮಾನೇ ಬೇರೆಯಾಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಮನೆಯಲ್ಲೇ ಬಿದ್ದಿರುವಂಥದ್ದು.

ಮೊದಲನೆಯದು ಊರ ಕಬಡ್ಡಿ ತಂಡದ ಜರ್ಸಿ. ನೀರಾಟದ ಕೊಳಗಳಲ್ಲಿ ಹತ್ತಿ ಬಟ್ಟೆಗೆ, ಸೀರೆಗೆ ಅವಕಾಶವಿಲ್ಲ. ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಆಗಬೇಕು. ಇದು ಗೊತ್ತಿಲ್ಲದೆ ಹೋದವರು ಅಲ್ಲೇ ದುಡ್ಡು ಕೊಟ್ಟು ಬಟ್ಟೆ ಕೊಳ್ಳುತ್ತಾರೆ, ಇಲ್ಲವೇ ದಡದಲ್ಲಿ ಉಳಿಯುತ್ತಾರೆ. ನಿಯಮಕ್ಕೆ ಕಾರಣವೂ ಇದೆ. ಮಾಮೂಲಿ ಹವೆಯಲ್ಲೇ ಹತ್ತಿ ತನ್ನ ತೂಕದ ಶೇ 8.5ರಷ್ಟು ತೇವ ಹಿಡಿದಿರುತ್ತದೆ, ಪಾಲಿಯೆಸ್ಟರ್ ಹಿಡಿಯುವುದು ಶೇ 0.4 ಮಾತ್ರ. ಕೊಳದಲ್ಲಿ ನೆನೆದ ಹತ್ತಿ ಮೈಮೇಲೆ ಭಾರವಾಗಿ ಜೋತುಬೀಳುತ್ತದೆ, ಅದರ ನವಿರು ಎಳೆಗಳು ನೀರು ಸೋಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತವೆ. ನಮ್ಮ ಕಡೆ ಯಾವ ಊರಿಗೆ ಹೋದರೂ ಬೆನ್ನ ಮೇಲೆ ಹೆಸರು, ನಂಬರು ಬರೆಸಿದ ಟೂರ್ನಮೆಂಟಿನ ಜರ್ಸಿಗಳಿವೆ, ಎಲ್ಲವೂ ಪಾಲಿಯೆಸ್ಟರ್. ಮಕ್ಕಳಿಗೆ ಶಾಲೆಯ ಕ್ರೀಡಾಕೂಟದ ಬಟ್ಟೆ ಸಾಕು. ದೊಡ್ಡವರಿಗೆ ಜರ್ಸಿ, ಕೆಳಗೊಂದು ನೈಲಾನ್ ಲೆಗ್ಗಿಂಗ್ಸ್ ಅಥವಾ ಟ್ರ್ಯಾಕ್ ಪ್ಯಾಂಟ್. ಮನೆಯವರೆಲ್ಲ ಒಂದೇ ತಂಡದ ಬಣ್ಣ ತೊಟ್ಟರೆ ಜನಜಂಗುಳಿಯಲ್ಲಿ ದೂರದಿಂದಲೇ ಗುರುತೂ ಸಿಗುತ್ತದೆ.

ಎರಡನೆಯದು ಹೊಲಿಗೆಯ ಟೇಪು. ಅದನ್ನು ಹೊರಡುವ ಹಿಂದಿನ ವಾರವೇ ಬಳಸಬೇಕು. ಇಂಥ ಪಾರ್ಕುಗಳಲ್ಲಿ ಮಕ್ಕಳ ಟಿಕೆಟ್ಟನ್ನು ವಯಸ್ಸಿಗಿಂತ ಹೆಚ್ಚಾಗಿ ಎತ್ತರ ನೋಡಿ ಕೊಡುತ್ತಾರೆ, ಆಟಗಳಿಗೂ ಎತ್ತರದ ಗೆರೆಯಿದೆ. ಸೀಟಿನ ಕಬ್ಬಿಣದ ತೋಳು ಭುಜದ ಮೇಲೆ ಸರಿಯಾಗಿ ಕೂರದ ಮಗುವನ್ನು ತಲೆಕೆಳಗಾಗುವ ಆಟಕ್ಕೆ ಬಿಡುವಂತಿಲ್ಲ. ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು, ಬಾಗಿಲ ಬಳಿ ಅಳತೆ ಕೋಲಿಗೆ ನಿಲ್ಲಿಸಿ ‘ಆಗಲ್ಲ’ ಅನ್ನಿಸಿಕೊಂಡ ಮಗುವಿನ ಅಳು ಕೇಳಿದವರಿಗೆ ಈ ಟೇಪಿನ ಬೆಲೆ ಗೊತ್ತು. ಮನೆಯ ಗೋಡೆಗೆ ನಿಲ್ಲಿಸಿ ಅಳೆದು, ಪಾರ್ಕಿನ ಸಹಾಯವಾಣಿಗೆ ಒಂದು ಫೋನು ಮಾಡಿ, ಯಾವ ಆಟ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ಮಗುವಿಗೆ ಮೊದಲೇ ಹೇಳಿಬಿಡಿ.

ನಾನು ಎಲ್ಲರಿಗೂ ಒತ್ತಿ ಹೇಳುವುದು ಗೋರಂಟಿಯ ಮಾತನ್ನು. ಮಗು ತಪ್ಪಿಸಿಕೊಂಡರೆ ಎಂದು ಅಂಗೈಮೇಲೆ ಪೆನ್ನಿನಲ್ಲಿ ನಂಬರು ಬರೆದು ಕಳಿಸುವ ತಾಯಂದಿರಿದ್ದಾರೆ. ಮೊದಲ ಕೊಳದಲ್ಲೇ ಅದು ತೊಳೆದುಹೋಗುತ್ತದೆ. ಚೀಟಿ ಬರೆದು ಜೇಬಿಗಿಟ್ಟರೆ ಮುದ್ದೆಯಾಗುತ್ತದೆ. ಬೇಲಿಯ ಗೋರಂಟಿ ಸೊಪ್ಪನ್ನು ನುಣ್ಣಗೆ ಅರೆದು, ತೆಂಗಿನ ಕಡ್ಡಿಯ ತುದಿಯಿಂದ ಮುಂಗೈಯ ಒಳಬದಿಯಲ್ಲಿ ಹತ್ತು ಅಂಕಿ ಬರೆದರೆ ವಾರ ಕಳೆದರೂ ಓದಬಹುದು. ಎಲೆಯ ಬಣ್ಣ ಚರ್ಮದ ಮೇಲ್ಪದರದ ಕೆರಾಟಿನ್‌ಗೆ ಅಂಟಿಕೊಳ್ಳುವುದರಿಂದ ನೀರಿಗೆ, ಸೋಪಿಗೆ ಬಗ್ಗುವುದಿಲ್ಲ. ಬಣ್ಣ ಪೂರ್ತಿ ಕಟ್ಟಲು ಒಂದೆರಡು ದಿನ ಬೇಕು, ಆದ್ದರಿಂದ ಎರಡು ರಾತ್ರಿ ಮೊದಲೇ ಹಚ್ಚಿ. ಸಂತೆಯಲ್ಲಿ ಸಿಗುವ ‘ಕಪ್ಪು ಮೆಹಂದಿ’ ಮಾತ್ರ ಬೇಡ. ಅದರಲ್ಲಿ ಕೂದಲಿಗೆ ಹಚ್ಚುವ ಬಣ್ಣದ ರಾಸಾಯನಿಕ ಬೆರೆಸಿರುವುದುಂಟು, ಮಕ್ಕಳ ಚರ್ಮ ಬೊಬ್ಬೆ ಏಳುತ್ತದೆ.

ಯಾರ ನಂಬರು ಬರೆಯಬೇಕು ಎಂಬುದನ್ನೂ ಯೋಚಿಸಬೇಕು. ಅಪ್ಪನ ಫೋನು, ಅಮ್ಮನ ಫೋನು ಲಾಕರಿನಲ್ಲಿ ಬೀಗ ಹಾಕಿಕೊಂಡಿರುತ್ತವೆ, ಇಬ್ಬರೂ ನೀರಿನಲ್ಲಿರುತ್ತಾರೆ. ಕೂಗಿದರೆ ಓಗೊಡುವುದು ಬೆಂಚಿನ ಮೇಲಿರುವವರು ಮಾತ್ರ. ಹಾಗಾಗಿ ಅಜ್ಜಿಯ ಕೀಪ್ಯಾಡ್ ಫೋನಿನ ನಂಬರೇ ಮಗುವಿನ ಕೈಮೇಲೆ ಇರಲಿ. ಎರಡು ದಿನ ಚಾರ್ಜು ನಿಲ್ಲುವ ಆ ಫೋನು ಅವತ್ತು ಮನೆಯವರ ಎಲ್ಲ ಸ್ಮಾರ್ಟ್‌ಫೋನುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನೀರು ಹೋಗದ ಅಗ್ಗದ ಕೈಗಡಿಯಾರವೊಂದು ದೊಡ್ಡ ಮಗನ ಕೈಗಿರಲಿ. ‘ಒಂದು ಗಂಟೆಗೆ ಅಜ್ಜಿ ಹತ್ತಿರ ಬನ್ನಿ’ ಎಂದು ಕಳಿಸಿದವರಿಗೆ ಗಂಟೆ ಎಷ್ಟಾಯಿತೆಂದು ತಿಳಿಯುವ ದಾರಿಯಾದರೂ ಬೇಕಲ್ಲ.

ಇನ್ನು ಕೊಪ್ಪೆ. ಮಳೆಗಾಲದಲ್ಲಿ ಸಸಿ ನೆಡುವ ಹೆಂಗಸರು ತಲೆಯಿಂದ ಬೆನ್ನಿಗೆ ಇಳಿಬಿಡುವ ಪ್ಲಾಸ್ಟಿಕ್ ಕೊಪ್ಪೆಯನ್ನು ಪ್ರವಾಸದ ಬ್ಯಾಗಿಗೆ ಹಾಕಿಕೊಂಡವರನ್ನು ನಾನು ಹೆಚ್ಚು ನೋಡಿಲ್ಲ. ಬಿಚ್ಚಿ ಹಾಸಿದರೆ ಒದ್ದೆ ಹುಲ್ಲಿನ ಮೇಲೆ ನಾಲ್ಕು ಮಂದಿ ಕೂರಬಹುದು. ಸಣ್ಣ ಮಗುವಿನ ಬಟ್ಟೆ ಬದಲಿಸುವಾಗ ಅಡ್ಡ ಹಿಡಿಯಬಹುದು. ಸಂಜೆ ಒದ್ದೆ ಬಟ್ಟೆಯನ್ನೆಲ್ಲ ಅದರಲ್ಲೇ ಗಂಟು ಕಟ್ಟಿ ಬಸ್ಸಿನ ಸೀಟಿನ ಕೆಳಗೆ ತಳ್ಳಬಹುದು. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕು ಗಟ್ಟಿಯೆಂದು ಅದನ್ನೇ ಒಯ್ಯುವವರಿದ್ದಾರೆ. ಯೂರಿಯಾದ ಹುಡಿ ಉಳಿದಿರುತ್ತದೆ, ಮೈಗೆ ತಾಗುವ ಬಟ್ಟೆಗೆ ಅದು ಬೇಡ. ಟರ್ಕಿ ಟವೆಲ್ಲಿನ ಬದಲು ಪಾಣಿಪಂಚೆ ಸಾಕು. ತೆಳ್ಳಗಿರುವುದರಿಂದ ಹಿಂಡಿ ಹರವಿದರೆ ಬೇಗ ಒಣಗುತ್ತದೆ, ಹಿಂತಿರುಗುವ ದಾರಿಯಲ್ಲಿ ಅದೇ ಹೊದಿಕೆಯೂ ಆಗುತ್ತದೆ.

ನೀರಿಗಾಗಿ ಖಾಲಿ ಬಾಟಲಿ ಒಯ್ಯಿರಿ. ಹೊರಗಿನ ತಿಂಡಿ ಒಳಗೆ ಬಿಡದ ಕಡೆಯೂ ಕುಡಿಯುವ ನೀರಿನ ನಲ್ಲಿ ಇರುತ್ತದೆ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದ ದಿನ ನಲ್ಲಿ ಕೆಲಸಗಾರರ ಮುಷ್ಕರದಿಂದಾಗಿ ಶೌಚಾಲಯ ಮೊದಲೋ ಕುಡಿಯುವ ನೀರು ಮೊದಲೋ ಎಂಬ ಪ್ರಶ್ನೆ ಬಂತು. ಶೌಚಾಲಯವನ್ನು ಆರಿಸಿಕೊಂಡರು. ಸುಡುಬಿಸಿಲಿನಲ್ಲಿ ಜನ ಬಾಯಾರಿ ಬಳಲಿದರು, ರಸ್ತೆಯ ಹಸಿ ಡಾಂಬರಿನಲ್ಲಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತುಹೋಗುತ್ತಿತ್ತು. ಏಪ್ರಿಲಿನ ಬಿಡದಿಯೂ ತಂಪಿನ ಊರಲ್ಲ, ಮೈ ನೀರಿನಲ್ಲಿದ್ದರೂ ಬೆವರು ನಿಲ್ಲುವುದಿಲ್ಲ. ಓಆರ್‌ಎಸ್ ಪುಡಿಯ ನಾಲ್ಕು ಪೊಟ್ಟಣ ಔಷಧಿ ಅಂಗಡಿಯಲ್ಲೇ ಕೊಳ್ಳಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಉಪ್ಪು–ಸಕ್ಕರೆಯ ಇಂಥದೇ ನೀರಿನಿಂದ ಕಾಲರಾ ರೋಗಿಗಳನ್ನು ಉಳಿಸಿದರು. ಅಳತೆ ಸರಿಯಿದ್ದರೆ ಮಾತ್ರ ಅದಕ್ಕೆ ಆ ಗುಣ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರು ನೀರಿಗೇ ಹಾಕಬೇಕು, ಅರ್ಧ ಬಾಟಲಿಗೆ ಸುರಿಯುವುದು ತಪ್ಪು. ಹಣ್ಣಿನ ರುಚಿಯ ಸಿಹಿ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಹೊತ್ತು ಮಾರಾಟವಾಗುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ನಿಷೇಧಿಸಿತು.

ಹೊಟ್ಟೆ ತೊಳಸುವವರಿಗೆ ನಮ್ಮ ಗದ್ದೆಯದೇ ಶುಂಠಿ ಇದೆ. 1982ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಶುಂಠಿ ಪುಡಿಯಿಂದ ಪ್ರಯಾಣದ ವಾಕರಿಕೆ ತಗ್ಗುತ್ತದೆಂಬ ವರದಿ ಬಂತು. ಆಮೇಲಿನ ಪರೀಕ್ಷೆಗಳೆಲ್ಲ ಒಂದೇ ಮಾತು ಹೇಳಿಲ್ಲ. ಹೆಚ್ಚು ತೊಂದರೆ ಇದ್ದವರು ವೈದ್ಯರನ್ನು ಕೇಳಿ ಮಾತ್ರೆ ತರಬೇಕು. ಉಳಿದವರಿಗೆ ಒಣಶುಂಠಿಯ ಚೂರು, ಒಂದು ನಿಂಬೆಹಣ್ಣು, ನಾಲ್ಕು ಪ್ಲಾಸ್ಟಿಕ್ ಕವರು ಜೊತೆಗಿದ್ದರೆ ಧೈರ್ಯ. ಬುತ್ತಿ ಒಳಗೆ ಹೋಗುವುದಿಲ್ಲ, ಆದರೆ ಬಾಡಿಗೆ ವ್ಯಾನಿನಲ್ಲಿ ಬಂದವರ ಸಂಜೆಯ ಹಸಿವಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಖಾರ ಮಂಡಕ್ಕಿ ವ್ಯಾನಿನಲ್ಲೇ ಇರಲಿ. ತೆಂಗಿನಕಾಯಿ ಚಟ್ನಿ ಮಾತ್ರ ಬಿಸಿಲಿಗೆ ಹಳಸುತ್ತದೆ.

ಶಾಲೆಯ ಪ್ರವಾಸಕ್ಕೆ ಹೊರಡುವ ಶಿಕ್ಷಕಿಯರಿಗೆ ಒಂದು ಮಾತು. ಬಸ್ಸಿನಲ್ಲಿ ಐವತ್ತು ಮಂದಿ ಹುಡುಗಿಯರಿದ್ದರೆ ಅವತ್ತು ಯಾರಾದರೂ ಮುಟ್ಟಾಗಿಯೇ ಆಗುತ್ತಾರೆ, ಅದರಲ್ಲಿ ಒಬ್ಬಳಿಗೆ ಅದು ಮೊದಲನೆಯದೂ ಆಗಿರಬಹುದು. ಪ್ಯಾಡು, ಹಳೆಯ ಪತ್ರಿಕೆ, ಗಾಢ ಬಣ್ಣದ ಎರಡು ಪ್ಯಾಂಟು, ಹೊಸ ಒಳಉಡುಪು ಇಷ್ಟನ್ನೂ ಬೇರೆ ಚೀಲದಲ್ಲಿ ಇಟ್ಟುಕೊಂಡು, ಅದು ಯಾರ ಬಳಿ ಇದೆಯೆಂದು ಬಸ್ಸು ಹತ್ತುವಾಗಲೇ ಎಲ್ಲ ಹುಡುಗಿಯರಿಗೂ ಹೇಳಿಬಿಡಬೇಕು. ಪ್ಯಾಡು ನೀರಿನಲ್ಲಿ ಕೆಲಸಕ್ಕೆ ಬಾರದು. ಆದರೆ ಪಾರ್ಕಿನಲ್ಲಿ ನೀರಿಗಿಳಿಯದ ಆಟಗಳು ಬೇಕಾದಷ್ಟಿವೆ, ಅವಕ್ಕೆ ಅವಳು ಹೋಗಲಿ. ಮುಟ್ಟಿನ ಕಪ್ ಬಳಸಿ ರೂಢಿಯಿದ್ದವರು ನೀರಿಗೂ ಇಳಿಯಬಹುದು, ಪ್ರವಾಸದ ದಿನವೇ ಮೊದಲ ಸಲ ಬಳಸಲು ಹೋಗಬಾರದು. ಬ್ಯಾಗು ಕಾಯಲು ಅವಳನ್ನು ಕೂರಿಸಿ ಉಳಿದವರು ಹೋಗುವುದು ನಿಲ್ಲಲೇಬೇಕು.

ಉದ್ದ ಜಡೆಯವರಿಗೆ ಗಟ್ಟಿ ರಿಬ್ಬನ್ನು, ಹಿಡಿಯಷ್ಟು ಪಿನ್ನು ಬೇಕು. 2018ರ ಫೆಬ್ರವರಿಯಲ್ಲಿ ಹರಿಯಾಣದ ಪಿಂಜೋರ್‌ನ ಮನರಂಜನಾ ಪಾರ್ಕಿನಲ್ಲಿ ಗೋ–ಕಾರ್ಟ್ ಓಡಿಸುತ್ತಿದ್ದ ಮಹಿಳೆಯೊಬ್ಬರು ಕೂದಲು ಚಕ್ರಕ್ಕೆ ಸಿಕ್ಕಿ ಜೀವ ಕಳೆದುಕೊಂಡರು. ತುರುಬು ಕಟ್ಟಿ ಪಿನ್ನು ಚುಚ್ಚಿ, ದುಪಟ್ಟಾವನ್ನು ಬ್ಯಾಗಿನಲ್ಲೇ ಬಿಟ್ಟು ಹೋಗಿ. ಕನ್ನಡಕಕ್ಕೆ ಹಿಂದಿನಿಂದ ಒಂದು ದಾರ ಕಟ್ಟಿಕೊಂಡರೆ ಎಷ್ಟೋ ಆಟಗಳಲ್ಲಿ ಅದು ಉಳಿಯುತ್ತದೆ, ತಲೆಕೆಳಗಾಗುವ ಆಟಕ್ಕೆ ತೆಗೆದೇ ಹೋಗಬೇಕು.

ಕಾಯುವ ಹೊತ್ತಿಗೆ ಚೌಕಾಬಾರ. ಹಳೆ ಬಟ್ಟೆಯ ತುಂಡಿನ ಮೇಲೆ ಐದೈದು ಮನೆ ಗೆರೆ ಎಳೆದು, ನಾಲ್ಕು ಕವಡೆ, ಕಾಯಿಗೆ ಬಣ್ಣ ಬಣ್ಣದ ಗುಂಡಿಗಳನ್ನು ಇಟ್ಟು ಸುತ್ತಿದರೆ ಹಿಡಿಯಷ್ಟು ಜಾಗ ಸಾಕು. ಕವಡೆ ಇಲ್ಲದಿದ್ದರೆ ಒಂದು ಬದಿ ಉಜ್ಜಿದ ಹುಣಸೆ ಬೀಜ. ಹಂಪಿಯ ಕಲ್ಲುಹಾಸಿನ ಮೇಲೆ ಕಾಯುತ್ತ ಕೂತವರು ಕೊರೆದ ಇಂಥ ಮನೆಗಳನ್ನು ಈಗಲೂ ನೋಡಬಹುದು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನದ ಮೂಲಕ ಈ ಆಟಗಳನ್ನು ಮತ್ತೆ ಮನೆಗಳಿಗೆ ತಲುಪಿಸುವ ಕೆಲಸ ಮಾಡಿದೆ. ನೀರಿನಿಂದ ಎದ್ದು ಬಂದು ಮೈ ಒಣಗಿಸುತ್ತಿರುವ ಮೊಮ್ಮಗಳನ್ನು ಅಜ್ಜಿ ಒಂದು ಆಟಕ್ಕೆ ಕೂರಿಸಿಕೊಳ್ಳಬಹುದು, ಅವರಿಬ್ಬರು ಆಡುವಾಗ ಅಮ್ಮ ಎದ್ದು ಹೋಗಬಹುದು.

ಇಷ್ಟು ದೂರ ಹೋಗಲಾಗದವರಿಗೆ ಹಾನಗಲ್ಲಿನ ಮೇಲೆ ಒಂದೇ ದಿನದಲ್ಲಿ ಹೋಗಿಬರಲು ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಇದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಆ ಜಾಗದಲ್ಲಿ ಒಕ್ಕಲುತನದ, ಸಂತೆಯ, ಹಳೆಯ ಕಸುಬುಗಳ ಆಳೆತ್ತರದ ಶಿಲ್ಪಗಳಿವೆ. ಅಲ್ಲಿ ಹಿರಿಯರೇ ಮುಂದೆ ನಡೆದು ಮಕ್ಕಳಿಗೆ ವಿವರಿಸುತ್ತಾರೆ. ಅಲ್ಲಿಗೆ ಜರ್ಸಿ ಬೇಡ, ತಲೆಗೆ ಟವೆಲ್ಲು, ಸವೆದು ಒಗ್ಗಿದ ಚಪ್ಪಲಿ, ಅಜ್ಜಿ ನಡುನಡುವೆ ಕೂರಲು ಮಡಚುವ ಸಣ್ಣ ಸ್ಟೂಲು ಒಯ್ಯಿರಿ.

ಬಿಡದಿಗೇ ಹೊರಟವರು ಆಧಾರ್ ಕಾರ್ಡಿನ ಜೊತೆ ಕಾಲೇಜಿನ ಗುರುತಿನ ಚೀಟಿಯ ಮೂಲಪ್ರತಿ ಮರೆಯಬೇಡಿ. ಬಸ್ಸಿಗೂ ಬೇಕು, ರಿಯಾಯಿತಿಗೂ ಬೇಕು. ಮತ್ತೆ, ಜರ್ಸಿಗಳನ್ನು ಎಣಿಸುವಾಗ ಅಜ್ಜಿಯದನ್ನೂ ಸೇರಿಸಿ ಎಣಿಸಿ. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ಜೋರಾಗಿ ಎತ್ತಿಹಾಕುವ ಆಟಗಳಿಗೆ ಹೋಗಬಾರದು, ಆದರೆ ಮೊಣಕಾಲುದ್ದದ ಅಲೆಯ ಕೊಳಕ್ಕೆ, ನಿಧಾನವಾಗಿ ಸುತ್ತುವ ತೊಟ್ಟಿಲಿಗೆ ಹೆಚ್ಚಿನವರಿಗೆ ತೊಂದರೆಯಿಲ್ಲ. ‘ನಂಗ್ಯಾಕೆ, ನೀವು ಹೋಗ್ಬರ್ರಿ’ ಎಂದೇ ಅವರು ಹೇಳುವುದು. ಉದ್ದ ತೋಳಿನ ಒಂದು ಜರ್ಸಿ, ಸಡಿಲವಾದ ಟ್ರ್ಯಾಕ್ ಪ್ಯಾಂಟನ್ನು ಅವರ ಅಳತೆಗೆ ಆನವಟ್ಟಿಯಲ್ಲೇ ನೋಡಿ ತಂದು, ಹೊರಡುವ ಮೊದಲು ಮನೆಯಲ್ಲಿ ಒಮ್ಮೆ ತೊಡಿಸಿ ನೋಡಿ. ನಾಚಿಕೆ ಏನಿದ್ದರೂ ಮನೆಯೊಳಗೇ ಕಳೆಯಲಿ.