402 ಮೀಟರ್: ಡ್ರ್ಯಾಗ್ ರೇಸ್ ಸವಾರನ ಕಸುಬು

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹುಡುಗರಿಗೆ ಬೈಕ್ ಹುಚ್ಚು ಕಡಿಮೆಯೇನಿಲ್ಲ. ಹೆದ್ದಾರಿ ನೇರವಾಗಿ ಸಿಕ್ಕ ಕಡೆ ಇಬ್ಬರು ಪಂದ್ಯ ಕಟ್ಟಿ ಗಾಡಿ ಓಡಿಸಿ, ಅದನ್ನೇ ಡ್ರ್ಯಾಗ್ ರೇಸ್ ಅಂದುಕೊಳ್ಳುತ್ತಾರೆ. ಆ ಹೆಸರಿನ ನಿಜವಾದ ಆಟವೇ ಬೇರೆ. ಅದನ್ನು ಕಸುಬಾಗಿ ಪಳಗಿಸಿಕೊಂಡವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಮಂತ್ರ ರೇಸಿಂಗ್ ತಂಡದಿಂದ ಸ್ಪರ್ಧಿಸಿ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆದವರು. ಅವರು ಓಡಿಸಿದ ಸುಜುಕಿ ಹಯಬುಸಾದ ಎಂಜಿನ್ 1340 ಸಿಸಿಯದು.

ನಿಯಮ ಸರಳ. ನೇರ ಟ್ರ್ಯಾಕಿನಲ್ಲಿ ಇಬ್ಬರು, ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ 402 ಮೀಟರ್. ತಿರುವಿಲ್ಲ, ಎರಡನೇ ಅವಕಾಶವೂ ಇಲ್ಲ.

ಓಟಕ್ಕೆ ಮೊದಲು ಹಿಂದಿನ ಟೈರಿಗೆ ನೀರು ತಾಗಿಸಿ, ಮುಂದಿನ ಬ್ರೇಕ್ ಬಿಗಿ ಹಿಡಿದು ಚಕ್ರವನ್ನು ಗಿರ್ರನೆ ತಿರುಗಿಸುತ್ತಾರೆ. ಆ ಹೊಗೆ ಶೋಕಿಗಲ್ಲ. ಟೈರಿನ ಕೊಳೆ ಹೋಗಿ, ರಬ್ಬರ್ ಬಿಸಿಯಾಗಿ ನೆಲ ಕಚ್ಚಬೇಕು. ಆಮೇಲೆ ಸವಾರ ಇಂಚಿಂಚಾಗಿ ಗೆರೆಗೆ ಬರುತ್ತಾನೆ. ಟ್ರ್ಯಾಕಿಗೆ ಅಡ್ಡಲಾಗಿ ಕಣ್ಣಿಗೆ ಕಾಣದ ಬೆಳಕಿನ ಕಿರಣಗಳಿರುತ್ತವೆ. ಮುಂದಿನ ಚಕ್ರ ಮೊದಲ ಕಿರಣವನ್ನು ಮುಟ್ಟಿದರೆ ಒಂದು ದೀಪ, ಎರಡನೆಯದನ್ನು ಮುಟ್ಟಿದರೆ ಇನ್ನೊಂದು. ಇಬ್ಬರದೂ ಹತ್ತಿದ ಮೇಲೆ ‘ಕ್ರಿಸ್‌ಮಸ್ ಟ್ರೀ’ ಎಂಬ ದೀಪದ ಕಂಬದಲ್ಲಿ ಮೂರು ಹಳದಿ ದೀಪಗಳು ಅರ್ಧರ್ಧ ಸೆಕೆಂಡಿಗೆ ಒಂದರಂತೆ ಹತ್ತಿ, ಕೊನೆಗೆ ಹಸಿರು ಬರುತ್ತದೆ. ವೃತ್ತಿಪರರ ಓಟದಲ್ಲಿ ಮೂರೂ ಹಳದಿ ಒಟ್ಟಿಗೇ ಹತ್ತುತ್ತವೆ, 0.4 ಸೆಕೆಂಡಿಗೆ ಹಸಿರು. ಅದಕ್ಕೂ ಮೊದಲೇ ಚಕ್ರ ಗೆರೆ ಬಿಟ್ಟರೆ ಕೆಂಪು, ಆಟ ಮುಗಿಯಿತು.

ಇಲ್ಲಿ ಎರಡು ಗಡಿಯಾರಗಳಿರುವುದು ಬಹಳ ಜನಕ್ಕೆ ಗೊತ್ತಿಲ್ಲ. ಹಸಿರು ಬಂದಾಗಿನಿಂದ ಚಕ್ರ ಕದಲುವವರೆಗಿನ ಹೊತ್ತು ಒಂದು. ಕದಲಿದಾಗಿನಿಂದ ಗುರಿ ಮುಟ್ಟುವವರೆಗಿನದು ಇನ್ನೊಂದು. ಒಬ್ಬನ ಬೈಕ್ 9.10 ಸೆಕೆಂಡಿನಲ್ಲಿ ಓಡಿದರೂ ಅವನು ಹೊರಡಲು 0.25 ಸೆಕೆಂಡ್ ತೆಗೆದುಕೊಂಡ ಅನ್ನಿ, ಒಟ್ಟು 9.35. ಎದುರಾಳಿಯದು 9.20ರ ಬೈಕ್, ಆದರೆ ಹೊರಟದ್ದು 0.08ರಲ್ಲಿ, ಒಟ್ಟು 9.28. ನಿಧಾನದ ಬೈಕೇ ಗೆಲ್ಲುತ್ತದೆ.

ಇನ್ನು ಮೊದಲ 18 ಮೀಟರ್. ಓಟದ ಹಣೆಬರಹ ಬಹುಪಾಲು ಅಲ್ಲೇ ನಿರ್ಧಾರವಾಗುತ್ತದೆ. ಕ್ಲಚ್ ಜೋರಾಗಿ ಬಿಟ್ಟರೆ ಹಿಂದಿನ ಚಕ್ರ ಸುಮ್ಮನೆ ಸುತ್ತುತ್ತದೆ ಅಥವಾ ಮುಂದಿನದು ಮೇಲೇಳುತ್ತದೆ. ಅಳುಕಿ ಬಿಟ್ಟರೆ ಎಂಜಿನ್ ಪಿಕಪ್ ಸಾಯುತ್ತದೆ. ಅದಕ್ಕೇ ಡ್ರ್ಯಾಗ್ ಬೈಕನ್ನು ತಗ್ಗಿಸಿ, ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮ್ ಉದ್ದ ಮಾಡಿರುತ್ತಾರೆ. ಬಿಸಿಲೇರಿದರೆ ಗಾಳಿ ತೆಳುವಾಗಿ ಎಂಜಿನ್ ಶಕ್ತಿ ಇಳಿಯುತ್ತದೆ, ಬೆಳಗಿನ ಲೆಕ್ಕ ಮಧ್ಯಾಹ್ನಕ್ಕೆ ನಡೆಯುವುದಿಲ್ಲ. ಟೈರಿನ ಗಾಳಿ, ಬಿಸಿಲು, ಕ್ಲಚ್ ಬಿಟ್ಟ ಆರ್‌ಪಿಎಂ ಎಲ್ಲವನ್ನೂ ಪ್ರತಿ ಓಟಕ್ಕೂ ಬರೆದಿಡುವ ಶಿಸ್ತು ಬೇಕು. ಗುಂಡಿಗೆಗಿಂತ ಅದು ದೊಡ್ಡದು ಎಂದೇ ನನ್ನ ಅಭಿಪ್ರಾಯ.

ಗುಂಡಿಗೆಯ ಜೊತೆ ತಲೆಯನ್ನೂ ಓಡಿಸುವ ಗುಣಕ್ಕೆ ಅಮೆರಿಕದ ಡ್ರ್ಯಾಗ್ ಕಾರು ಚಾಲಕ ಡಾನ್ ಗಾರ್ಲಿಟ್ಸ್ ದೊಡ್ಡ ಉದಾಹರಣೆ. 1970ರಲ್ಲಿ ಅವರ ಕಾರಿನ ಟ್ರಾನ್ಸ್‌ಮಿಷನ್ ಸಿಡಿದು ಬಲಗಾಲಿನ ಪಾದದ ಒಂದು ಭಾಗವೇ ಹೋಯಿತು. ಆಗಿನ ಡ್ರ್ಯಾಗ್ ಕಾರುಗಳಲ್ಲಿ ಚಾಲಕ ಎಂಜಿನ್ನಿನ ಹಿಂದೆ ಕೂರುತ್ತಿದ್ದ. ಸಿಡಿದದ್ದೆಲ್ಲ ಅವನ ಮೈಮೇಲೆಯೇ. ಗಾರ್ಲಿಟ್ಸ್ ಆಟ ಬಿಡಲಿಲ್ಲ, ಎಂಜಿನ್ನನ್ನು ಬೆನ್ನ ಹಿಂದಕ್ಕೆ ಸರಿಸಿ ಕಾರು ಕಟ್ಟಿ 1971ರಲ್ಲಿ ಅದರಲ್ಲೇ ಗೆದ್ದರು. ಮುಂದೆ ಆ ವರ್ಗದ ಕಾರುಗಳೆಲ್ಲ ಅದೇ ಮಾದರಿಗೆ ಬಂದವು.

ನಮ್ಮಲ್ಲಿ ಈ ಆಟವೊಂದನ್ನೇ ನಂಬಿ ಮನೆ ನಡೆಸುವುದು ಕಷ್ಟ. ಟೈರು, ಕ್ಲಚ್ ಪ್ಲೇಟು, ಟ್ಯೂನಿಂಗ್ ಎಲ್ಲಕ್ಕೂ ಹಣ ಸುರಿಯಬೇಕು, ಪ್ರಾಯೋಜಕರು ಗೆದ್ದ ಮೇಲೆಯೇ ತಿರುಗಿ ನೋಡುವುದು. ಆದರೂ ದಾರಿಯಿದೆ. ಸ್ಪರ್ಧೆಗೆ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ, ಎಫ್‌ಎಂಎಸ್‌ಸಿಐ, ಕೊಡುವ ಲೈಸೆನ್ಸ್ ಬೇಕು. ರಾಷ್ಟ್ರೀಯ ಡ್ರ್ಯಾಗ್ ಸ್ಪರ್ಧೆಗಳು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ನಡೆದಿವೆ, ಸಣ್ಣ ಬೈಕ್‌ಗಳಿಗೂ ಪ್ರತ್ಯೇಕ ವಿಭಾಗಗಳಿದ್ದವು. ಚಾಮರಾಜನಗರದವರಿಗೆ ಹತ್ತಿರದ ರೇಸ್ ಟ್ರ್ಯಾಕ್ ಅಂದರೆ ದಿಂಬಂ ಘಾಟಿ ಇಳಿದು ಹೋದರೆ ಸಿಗುವ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ.

ರಸ್ತೆಯ ಪಂದ್ಯದಲ್ಲಿ ಇದ್ಯಾವುದೂ ಇಲ್ಲ. ಗಂಟೆಗೆ 200 ಕಿ.ಮೀ. ವೇಗದ ಬೈಕ್ ಒಂದೇ ಸೆಕೆಂಡಿನಲ್ಲಿ 55 ಮೀಟರ್ ದಾಟುತ್ತದೆ. ಟ್ರ್ಯಾಕಿನಲ್ಲಿ ಗುರಿಯಾಚೆ ನಿಲ್ಲಲು ಉದ್ದದ ಖಾಲಿ ಜಾಗ, ಆಂಬುಲೆನ್ಸ್ ಇರುತ್ತವೆ. ಬಂಡೀಪುರದ ರಸ್ತೆಯಲ್ಲಿ ಜಿಂಕೆ ಅಡ್ಡ ಬರುತ್ತದೆ. ಬೇಗೂರಿನ ಕಡೆ ಹೊಲದಿಂದ ಮನೆಗೆ ಹೊರಟ ಎತ್ತಿನ ಗಾಡಿ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಪ್ರಾಪ್ತ ವಯಸ್ಸಿನ ಹುಡುಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಹೆತ್ತವರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಬೀಳಬಹುದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಡಿಎಲ್ ಸಿಗದು.

ಮಗನಿಗೆ ಬೈಕ್ ಕೊಡಿಸಿದ ತಂದೆ ತಾಯಿ ಅವನನ್ನು ಒಮ್ಮೆ ಕೊಯಮತ್ತೂರಿಗೋ ಚೆನ್ನೈಗೋ ಕರೆದೊಯ್ದು ಟ್ರ್ಯಾಕಿನ ಓಟ ತೋರಿಸಲಿ. ನಿಜವಾದ ಆಸೆಯಿದ್ದರೆ ಹೆಲ್ಮೆಟ್, ಲೆದರ್ ಸೂಟ್, ಎಫ್‌ಎಂಎಸ್‌ಸಿಐ ಲೈಸೆನ್ಸಿಗೆ ನೆರವಾಗಲಿ.